ಕಿವಿಯೊಳಗೆ ನೀರು ಹುಟ್ಟುವ ಬಗೆ

ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕಿದ ಮೇಲೆ ಅಜ್ಜಿ ಮೊದಲು ಮಾಡುವ ಕೆಲಸ, ಟವೆಲ್ಲಿನ ತುದಿಯನ್ನು ಬತ್ತಿಯಂತೆ ಹೊಸೆದು ಎರಡೂ ಕಿವಿ ಒರೆಸುವುದು. ನೀರು ಒಳಗೆ ಉಳಿದರೆ ಕಿವಿ ಕೆಡುತ್ತದೆ ಎಂಬ ಭಯ. ಅದೇ ಕೂಸು ಬೆಳೆದು ನಾಲ್ಕು ವರ್ಷದ್ದಾಗುತ್ತದೆ. ಒಂದು ಮಳೆಗಾಲ ನೆಗಡಿ ಹಿಡಿದು ಬಿಡುತ್ತದೆ. ನೆಗಡಿ ಹೋಗಿ ಮೂರು ವಾರವಾದರೂ ಮಗು ಕರೆದರೆ ತಿರುಗುವುದಿಲ್ಲ. ಟೀವಿಯ ಹತ್ತಿರ ಹತ್ತಿರ ಸರಿದು ಕೂರುತ್ತದೆ. ಮಾತಿಗೊಮ್ಮೆ 'ಆಂ? ಆಂ?' ಎನ್ನುತ್ತದೆ. ನೋವಿಲ್ಲ, ಜ್ವರವಿಲ್ಲ, ಕಿವಿ ಸೋರುವುದೂ ಇಲ್ಲ. ಅಂಗನವಾಡಿಯಿಂದ ಮಾತ್ರ ದೂರು: ನಿಮ್ಮ ಮಗು ಹೇಳಿದ ಮಾತು ಕೇಳೋದಿಲ್ಲ. ಕೊನೆಗೊಂದು ದಿನ ಡಾಕ್ಟರು ಕಿವಿಯೊಳಕ್ಕೆ ಬೆಳಕು ಬಿಟ್ಟು ನೋಡಿ, "ಒಳಗೆ ನೀರು ತುಂಬಿದೆ" ಎನ್ನುತ್ತಾರೆ. ಮನೆಗೆ ಬಂದ ಮೇಲೆ ಮಾತು ಶುರು. "ತಲೆಗೆ ನೀರು ಹಾಕುವಾಗ ಕಿವಿ ನೋಡ್ಕೋ ಅಂತ ಎಷ್ಟು ಸಲ ಹೇಳಿದೀನಿ?" ತಾಯಿ ಸುಮ್ಮನೆ ತಲೆ ತಗ್ಗಿಸುತ್ತಾಳೆ.

ಆ ತಾಯಿಯ ಮೇಲಿನ ಹೊರೆ ಇಳಿಸಬೇಕೆಂದೇ ಈ ಅಧ್ಯಾಯ ಬರೆಯಲು ಕೂತೆ. ಆ ನೀರಿಗೂ ಬಚ್ಚಲ ಹಂಡೆಗೂ ಸಂಬಂಧವಿಲ್ಲ. ತಮಟೆಯಲ್ಲಿ ತೂತಿಲ್ಲದ ಕಿವಿಯೊಳಕ್ಕೆ ಹೊರಗಿನ ಒಂದು ಹನಿಯೂ ಇಳಿಯಲಾರದು. ಹಾಗಾದರೆ ತಮಟೆಯ ಹಿಂದೆ, ಎಲ್ಲ ಕಡೆಯಿಂದ ಮುಚ್ಚಿದ ಕೋಣೆಯೊಳಗೆ ನೀರು ಎಲ್ಲಿಂದ ಬಂತು?

ಒಂದು ಕೋಣೆ, ಒಂದೇ ಬಾಗಿಲು

ಕಿವಿಯ ತಮಟೆಯ ಹಿಂದಿರುವ ಕೋಣೆಗೆ ಮಧ್ಯಕಿವಿ ಎಂದು ಹೆಸರು. ಟೀ ಚಮಚದ ಕಾಲು ಭಾಗದಷ್ಟು ನೀರೂ ಹಿಡಿಸದ ಜಾಗ ಅದು. ಅದರೊಳಗೆ ಮೂರು ಪುಟ್ಟ ಎಲುಬುಗಳು ಒಂದಕ್ಕೊಂದು ಕೈಹಿಡಿದು ನಿಂತು, ತಮಟೆಯ ಅದುರುವಿಕೆಯನ್ನು ಒಳಕಿವಿಗೆ ದಾಟಿಸುತ್ತವೆ. ಕೋಣೆಯ ಹಿಂಬದಿಯಲ್ಲಿ, ಕಿವಿಯ ಹಿಂದೆ ಕೈಗೆ ಗಟ್ಟಿಯಾಗಿ ಸಿಗುವ ಉಬ್ಬಿನೊಳಗೆ, ಜೇನುಗೂಡಿನಂಥ ಗಾಳಿಗೂಡುಗಳಿವೆ. ಇಷ್ಟೂ ಜಾಗದಲ್ಲಿ ಇರಬೇಕಾದದ್ದು ಗಾಳಿ ಮಾತ್ರ. ಗಾಳಿಯಿದ್ದರೆ ತಮಟೆ ಅದುರುತ್ತದೆ. ಮದ್ದಳೆಯೊಳಗೆ ನೀರು ತುಂಬಿಸಿ ನುಡಿಸಿದರೆ ಏನಾದೀತು, ಊಹಿಸಿಕೊಳ್ಳಿ.

ಈ ಕೋಣೆಗೆ ಇರುವುದು ಒಂದೇ ಬಾಗಿಲು: ಮಧ್ಯಕಿವಿಯಿಂದ ಕೆಳಮುಖವಾಗಿ ಇಳಿದು ಮೂಗಿನ ಹಿಂಬದಿಗೆ, ಕಿರುನಾಲಿಗೆಗಿಂತ ಮೇಲೆ ತೆರೆಯುವ ಒಂದು ಕೊಳವೆ. ದೊಡ್ಡವರಲ್ಲಿ ಅದರ ಉದ್ದ ಸುಮಾರು 36 ಮಿಲಿಮೀಟರ್. 16ನೇ ಶತಮಾನದಲ್ಲಿ ಇದನ್ನು ಸರಿಯಾಗಿ ಬಣ್ಣಿಸಿದ ಇಟಲಿಯ ಬಾರ್ಟೊಲೊಮಿಯೊ ಯೂಸ್ಟಾಕಿಯ ಹೆಸರಿನಿಂದ ವೈದ್ಯರು ಇದನ್ನು ಯೂಸ್ಟೇಶಿಯನ್ ಟ್ಯೂಬ್ ಎನ್ನುತ್ತಾರೆ. ನಾವು ಗಾಳಿಗೊಳವೆ ಎನ್ನೋಣ.

ಇದರ ಪರಿಚಯ ನಿಮಗೆ ಆಗಲೇ ಇದೆ. ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿನಲ್ಲಿ ಕಿವಿ ಗಪ್ಪೆಂದು ಮುಚ್ಚಿಕೊಂಡು, ಉಗುಳು ನುಂಗಿದಾಗ 'ಟಿಕ್' ಎಂದು ಬಿಟ್ಟುಕೊಳ್ಳುತ್ತದಲ್ಲ, ಆ 'ಟಿಕ್' ಈ ಬಾಗಿಲು ತೆರೆದ ಸದ್ದು. ಬೆಟ್ಟದ ತುದಿಯಲ್ಲಿ ಮುಚ್ಚಳ ಬಿಗಿದ ಖಾಲಿ ನೀರಿನ ಬಾಟಲಿ ಕೆಳಗೆ ಬರುವಷ್ಟರಲ್ಲಿ ನೆಗ್ಗಿಹೋಗಿರುತ್ತದೆ. ಬಾಗಿಲು ತೆರೆಯದ ಕಿವಿಯಲ್ಲಿ ತಮಟೆಗೂ ಅದೇ ಗತಿ.

ಈ ಬಾಗಿಲು ಸದಾ ತೆರೆದೇ ಇರುತ್ತದೆ ಎಂದು ಬಹುಕಾಲ ನಂಬಿದ್ದರು. ಅದು ಮುಚ್ಚಿಯೇ ಇರುತ್ತದೆ, ನುಂಗುವಾಗ ಮಾತ್ರ ಅರೆಗಳಿಗೆ ತೆರೆಯುತ್ತದೆ ಎಂದು 19ನೇ ಶತಮಾನದ ನಡುವಿನಲ್ಲಿ ತೋರಿಸಿಕೊಟ್ಟವರು ಲಂಡನ್ನಿನ ಜೋಸೆಫ್ ಟಾಯ್ನ್‌ಬೀ. ಕಿವಿಯ ಮೊರೆತಕ್ಕೆ ಔಷಧ ಹುಡುಕುತ್ತ, ಕ್ಲೋರೊಫಾರ್ಮ್ ಮತ್ತು ಪ್ರಸಿಕ್ ಆಮ್ಲದ ಆವಿಯನ್ನು ಉಸಿರಿಗೆ ಎಳೆದು ಇದೇ ಕೊಳವೆಯ ಮೂಲಕ ತನ್ನ ಕಿವಿಗೆ ತಳ್ಳಿಕೊಳ್ಳುವ ಪ್ರಯೋಗದಲ್ಲಿ ಅವರು 1866ರಲ್ಲಿ ಪ್ರಾಣ ಬಿಟ್ಟರು. ಉಗುಳು ನುಂಗಿ ಕಿವಿ ಬಿಟ್ಟುಕೊಂಡಾಗ ನನಗೆ ಒಮ್ಮೊಮ್ಮೆ ಅವರ ನೆನಪಾಗುತ್ತದೆ.

ಬಾಗಿಲು ತೆರೆಯುವ ಆಳು ಒಂದು ಸಣ್ಣ ಸ್ನಾಯು. ಮೆದು ಅಂಗುಳನ್ನು ಬಿಗಿಯುವ ಈ ಸ್ನಾಯು ನುಂಗಿದಾಗಲೂ ಆಕಳಿಸಿದಾಗಲೂ ಕೊಳವೆಯ ಗೋಡೆಯನ್ನು ಪಕ್ಕಕ್ಕೆ ಎಳೆಯುತ್ತದೆ. ಸೀಳಂಗುಳದೊಂದಿಗೆ ಹುಟ್ಟಿದ ಮಕ್ಕಳಲ್ಲಿ ಈ ಸ್ನಾಯುವಿಗೆ ಸರಿಯಾದ ಹಿಡಿತ ಸಿಗುವುದಿಲ್ಲ. ಅವರಲ್ಲಿ ಬಹುಮಟ್ಟಿಗೆ ಎಲ್ಲರ ಕಿವಿಯಲ್ಲೂ ನೀರು ನಿಲ್ಲುತ್ತದೆ. ಉಳಿದ ಮಕ್ಕಳಿಗೂ ಎಳವೆಯಲ್ಲಿ ಅನುಕೂಲ ಕಡಿಮೆ. ಹಸುಗೂಸಿನ ಕೊಳವೆ ದೊಡ್ಡವರದರ ಅರ್ಧದಷ್ಟೇ ಉದ್ದ, ಮೆತ್ತಗೆ, ಹೆಚ್ಚುಕಡಿಮೆ ಮಲಗಿದಂತಿರುತ್ತದೆ. ಮೂಗಿನ ಹಿಂದೆ, ಕೊಳವೆಯ ಬಾಯಿಯ ಪಕ್ಕದಲ್ಲೇ, ಅಡೆನಾಯ್ಡ್ ಎಂಬ ಗಡ್ಡೆ ಆ ವಯಸ್ಸಿನಲ್ಲಿ ಊದಿಕೊಂಡು ಕೂತಿರುತ್ತದೆ. ಅದರ ಮೇಲೊಂದು ನೆಗಡಿ ಬಂದರೆ ಕೊಳವೆಯ ಒಳಗೋಡೆ ಬಾತು, ಬಾಗಿಲು ಅಂಟಿಕೊಳ್ಳುತ್ತದೆ.

ಮುಚ್ಚಿದ ಕೋಣೆಯ ಗಾಳಿ ಎಲ್ಲಿ ಹೋಯಿತು?

ಬಾಗಿಲು ಮುಚ್ಚಿದರೆ ಒಳಗಿದ್ದ ಗಾಳಿ ಒಳಗೇ ಇರಬೇಕಲ್ಲ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಡಬ್ಬದ ಮುಚ್ಚಳ ಹಾಕಿಟ್ಟರೆ ಗಾಳಿ ಕರಗಿಹೋಗುವುದಿಲ್ಲ. ಕಿವಿಯಲ್ಲಿ ಕರಗುತ್ತದೆ. ಈ ಡಬ್ಬದ ಗೋಡೆಗೆ ಜೀವವಿರುವುದೇ ಕಾರಣ.

ಮಧ್ಯಕಿವಿಯ ಎಲುಬಿನ ಮೇಲೆ ಒಂದು ತೆಳುವಾದ ಒಳಪೊರೆ ಹಾಸಿದೆ. ಹೈಸ್ಕೂಲಿನಲ್ಲಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ ಈರುಳ್ಳಿಯ ಪೊರೆ ನೆನಪಿದೆಯೇ? ಕೋಣೆಯ ಬಹುಭಾಗದಲ್ಲಿ ಇದೂ ಹಾಗೆಯೇ, ಒಂದೇ ಸಾಲು ಜೀವಕೋಶಗಳ ಹಾಸು. ಅದರ ಬೆನ್ನಿಗೇ ಕೂದಲಿಗಿಂತ ಸಪೂರವಾದ ರಕ್ತನಾಳಗಳು. ಇಷ್ಟು ತೆಳುವಾದ ಗೋಡೆಯ ಆಚೆ ರಕ್ತ ಹರಿಯುತ್ತಿರುವಾಗ ಈಚಿನ ಗಾಳಿ ಅದರೊಂದಿಗೆ ಕೊಡುಕೊಳ್ಳುವಿಕೆ ನಡೆಸದೆ ಇರುವುದಿಲ್ಲ. ಶ್ವಾಸಕೋಶದಲ್ಲಿ ನಡೆಯುವ ವ್ಯವಹಾರವೇ ಇಲ್ಲಿ ಬಹಳ ನಿಧಾನವಾಗಿ ನಡೆಯುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ. 21, ಆರೋಗ್ಯವಂತ ಮಧ್ಯಕಿವಿಯ ಗಾಳಿಯಲ್ಲಿ ಅದರ ಅರ್ಧಕ್ಕೂ ಕಡಿಮೆ. ಉಳಿದದ್ದನ್ನು ರಕ್ತ ಒಯ್ದಿದೆ.

ಒಂದು ಲೆಕ್ಕ ನೋಡಿ. ಸಮುದ್ರಮಟ್ಟದಲ್ಲಿ ಹೊರಗಿನ ಗಾಳಿಯ ಒತ್ತಡ 760 ಮಿಲಿಮೀಟರ್ ಪಾದರಸ. ಅಂಗಾಂಶಗಳಿಗೆ ಆಮ್ಲಜನಕ ಕೊಟ್ಟು ಹಿಂದಿರುಗುವ ರಕ್ತದಲ್ಲಿ ಕರಗಿರುವ ಅನಿಲಗಳ ಒತ್ತಡವನ್ನೆಲ್ಲ ಕೂಡಿಸಿದರೂ ಸುಮಾರು 700 ಅಷ್ಟೇ ಆಗುತ್ತದೆ. ಎತ್ತರದ ಗದ್ದೆಯಿಂದ ತಗ್ಗಿನ ಗದ್ದೆಗೆ ನೀರು ಇಳಿಯುವಂತೆ, ಕಿವಿಯೊಳಗಿನ ಅನಿಲ ಸದಾ ರಕ್ತದ ಕಡೆಗೆ ಇಳಿಯುತ್ತಲೇ ಇರುತ್ತದೆ. ದಿನಕ್ಕೆ ನೂರಾರು ಸಲ ನಾವು ಉಗುಳು ನುಂಗುವುದು ಈ ನಷ್ಟವನ್ನು ಗುಟುಕು ಗುಟುಕಾಗಿ ತುಂಬಿಕೊಡುತ್ತದೆ. ತುಂಬುವುದು ನಿಂತ ದಿನದಿಂದ ಒಳಗಿನ ಒತ್ತಡ ಕುಸಿಯತೊಡಗುತ್ತದೆ. ತಮಟೆ ಒಳಕ್ಕೆ ಜಗ್ಗುತ್ತದೆ. ಡಾಕ್ಟರು ಬೆಳಕು ಬಿಟ್ಟು ನೋಡುವಾಗ ಮೊದಲು ಕಾಣುವುದು ಈ ಜಗ್ಗು.

ಬಾವಿಯ ಒರತೆ

ಬೇಸಗೆಯಲ್ಲಿ ಬಾವಿ ತೊಳೆಯಲು ಪಂಪು ಹಾಕಿ ನೀರೆಲ್ಲ ತೆಗೆಯುತ್ತಾರೆ. ನೀರಿನ ಮಟ್ಟ ಇಳಿದಂತೆ, ಅಲ್ಲಿಯವರೆಗೆ ಸುಮ್ಮನಿದ್ದ ಸುತ್ತಿನ ಗೋಡೆಯಿಂದ ಒರತೆ ಜಿನುಗತೊಡಗುತ್ತದೆ. ಎದುರಿಗೆ ಒತ್ತಿ ಹಿಡಿದಿದ್ದ ನೀರು ಹೋಯಿತು, ಮಣ್ಣಿನೊಳಗಿನ ನೀರಿಗೆ ದಾರಿಯಾಯಿತು.

ಒಳಪೊರೆಯಲ್ಲೂ ಮೊದಲಿಗೆ ಆಗುವುದು ಇದೇ. ಕೋಣೆಯ ಗಾಳಿ ಎದುರಿನಿಂದ ಒತ್ತುವುದು ಕಡಿಮೆಯಾದಾಗ ಪೊರೆಯ ರಕ್ತನಾಳಗಳು ಉಬ್ಬುತ್ತವೆ, ಅವುಗಳ ಗೋಡೆಯ ಸಂದು ಸಡಿಲವಾಗುತ್ತದೆ, ರಕ್ತದ ತಿಳಿನೀರು ಪೊರೆಯೊಳಕ್ಕೆ ಸೋರಿ ಅದನ್ನು ಊದಿಸುತ್ತದೆ, ಕೊನೆಗೆ ಕೋಣೆಯೊಳಕ್ಕೆ ಜಿನುಗುತ್ತದೆ. ನಿರ್ವಾತವೇ ನೀರನ್ನು ಎಳೆಯುತ್ತದೆ ಎಂಬ ಈ ವಿವರಣೆಯನ್ನು 19ನೇ ಶತಮಾನದ ಉತ್ತರಾರ್ಧದಲ್ಲಿ ಮುಂದಿಟ್ಟವರು ವಿಯೆನ್ನಾದ ಆಡಂ ಪೊಲಿಟ್ಜರ್. ಈಗ ಎಷ್ಟೋ ತಿದ್ದುಪಡಿಗಳಾಗಿದ್ದರೂ ಅದರ ತಿರುಳು ಉಳಿದಿದೆ.

ಅದು ಉಳಿದದ್ದು ಒಂದು ಅಚ್ಚುಕಟ್ಟಾದ ಪ್ರಯೋಗದ ಬಲದಿಂದ. ಅಮೆರಿಕದ ಪಿಟ್ಸ್‌ಬರ್ಗ್‌ನ ಸಂಶೋಧಕರು 1980ರ ದಶಕದಲ್ಲಿ ಕೋತಿಗಳ ಅಂಗುಳ ಬಿಗಿಯುವ ಸ್ನಾಯುವಿಗೆ ಬೊಟುಲಿನಂ ವಿಷದ ಸಣ್ಣ ಪ್ರಮಾಣವನ್ನು ಚುಚ್ಚಿದರು. ಸುಕ್ಕು ಮರೆಸಲು ಈಗ ಮುಖಕ್ಕೆ ಚುಚ್ಚಿಸಿಕೊಳ್ಳುವ ವಸ್ತುವೇ ಅದು. ಸ್ನಾಯುವನ್ನು ಕೆಲ ಕಾಲ ಮಲಗಿಸಿಬಿಡುತ್ತದೆ. ಕೊಳವೆಗೆ ಯಾರೂ ಬೆಣೆ ಬಡಿಯಲಿಲ್ಲ, ರೋಗಾಣು ಬಿಡಲಿಲ್ಲ, ಬಾಗಿಲು ತೆರೆಯುವ ಆಳನ್ನು ಮಲಗಿಸಿದರು ಅಷ್ಟೆ. ಮೊದಲು ಕಿವಿಯೊಳಗಿನ ಒತ್ತಡ ಕುಸಿಯಿತು, ಆಮೇಲೆ ನೀರು ಬಂತು. ವಿಷದ ಪ್ರಭಾವ ಇಳಿದು ಸ್ನಾಯು ಎದ್ದಾಗ ನೀರು ತಾನಾಗಿ ಹೋಯಿತು. ಬಚ್ಚಲ ನೀರಿನ ಮೇಲೆ ಹೊರಿಸಿದ ಆರೋಪಕ್ಕೆ ಇದಕ್ಕಿಂತ ಉತ್ತರ ಬೇಕಿಲ್ಲ.

ಇಲ್ಲಿಗೇ ಕತೆ ಮುಗಿಯುವಂತಿದ್ದರೆ ಕೊಳವೆ ತೆರೆದ ಮರುದಿನವೇ ಎಲ್ಲ ಸರಿಹೋಗಬೇಕಿತ್ತು. ಎಷ್ಟೋ ಮಕ್ಕಳಲ್ಲಿ ಹಾಗೆ ಆಗುತ್ತದೆ ಕೂಡ. ಆದರೆ ಕೆಲವು ಮಕ್ಕಳ ಕಿವಿಯಿಂದ ವೈದ್ಯರು ಹೀರಿ ತೆಗೆಯುವುದು ತಿಳಿನೀರಲ್ಲ. ಜೋನಿಬೆಲ್ಲದಂತೆ ಎಳೆ ಎಳೆಯಾಗಿ ಬರುವ ಗೋಂದು. ಗ್ಲೂ ಇಯರ್, ಅಂದರೆ ಗೋಂದುಗಿವಿ, ಎಂಬ ಹೆಸರು ಅದಕ್ಕೆ ಬಿದ್ದದ್ದು ಹಾಗೆ. ರಕ್ತದಿಂದ ಸೋರಿದ ನೀರು ಎಷ್ಟೇ ದಿನ ನಿಂತರೂ ಗೋಂದಾಗುವುದಿಲ್ಲ. ಅದನ್ನು ಯಾರೋ ತಯಾರಿಸಬೇಕು.

ಕಿವಿ ಮೂಗಾಗುವುದು

ತಯಾರಿಸುವುದು ಒಳಪೊರೆಯೇ. ಇಡೀ ವಿಷಯದಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಈ ಭಾಗ.

ಗರ್ಭದಲ್ಲಿ ಗಂಟಲಿನ ಗೋಡೆ ಚೀಲದಂತೆ ಪಕ್ಕಕ್ಕೆ ಚಾಚಿಕೊಂಡು ಗಾಳಿಗೊಳವೆಯೂ ಮಧ್ಯಕಿವಿಯೂ ಆಗುತ್ತವೆ. ಹಾಗಾಗಿ ಮಧ್ಯಕಿವಿಯ ಪೊರೆ ಮೂಗು ಗಂಟಲುಗಳ ಪೊರೆಗೆ ಒಡಹುಟ್ಟು. ಕೊಳವೆಯ ಬಾಯಿಯ ಹತ್ತಿರ ಆ ಹೋಲಿಕೆ ಢಾಳಾಗಿ ಕಾಣುತ್ತದೆ. ಅಲ್ಲಿನ ಜೀವಕೋಶಗಳ ತಲೆಯ ಮೇಲೆ ಕಿರುಗೂದಲುಗಳಿವೆ. ಗಾಳಿಗೆ ಬಾಗುವ ಭತ್ತದ ಪೈರಿನಂತೆ ಒಂದೇ ದಿಕ್ಕಿಗೆ ಬೀಸಿ, ಬಿದ್ದ ಧೂಳು ತೇವವನ್ನೆಲ್ಲ ಗಂಟಲಿನ ಕಡೆಗೆ ಗುಡಿಸುತ್ತವೆ. ನಡುನಡುವೆ, ಅಲ್ಲೊಂದು ಇಲ್ಲೊಂದು, ಹೂಜಿಯಾಕಾರದ ಜೀವಕೋಶಗಳು. ಹೂಜಿಕೋಶ ಎನ್ನೋಣ. ಅವುಗಳ ಹೊಟ್ಟೆಯಲ್ಲಿರುವುದು ಲೋಳೆ, ಮೂಗಿನಲ್ಲಾದರೆ ಸಿಂಬಳ ಎನ್ನುತ್ತೇವೆ. ಗುಡಿಸುವ ಮೊದಲು ನೆಲಕ್ಕೆ ನೀರು ಚಿಮುಕಿಸುವ ಹಾಗೆ ಇವು ಚೂರೇ ಚೂರು ಲೋಳೆ ಹನಿಸುತ್ತವೆ. ಕೋಣೆಯ ಹಿಂಬದಿಗೆ ಹೋದಂತೆ ಕಿರುಗೂದಲೂ ಹೂಜಿಯೂ ಇಲ್ಲವಾಗಿ ಬರೀ ಈರುಳ್ಳಿ ಪೊರೆ ಉಳಿಯುತ್ತದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಹನ್ನಾ ಥಾಂಪ್ಸನ್ ಮತ್ತು ಅಬಿಗೈಲ್ ಟಕರ್ 2013ರಲ್ಲಿ ಇಲಿಗಳಲ್ಲಿ ತೋರಿಸಿದಂತೆ, ಆ ಹಿಂಭಾಗ ಹುಟ್ಟುವುದೇ ಬೇರೆ ಮೂಲದ ಜೀವಕೋಶಗಳಿಂದ. ಅಲ್ಲಿ ಗುಡಿಸುವವರಿಲ್ಲ. ಮಧ್ಯಕಿವಿಯ ಮೇಲ್ಮೂಲೆಯಲ್ಲೇ ಹಳೆಯ ಕಾಯಿಲೆಗಳು ಬೇರೂರುವುದಕ್ಕೆ ಇದೂ ಒಂದು ಕಾರಣವಿದ್ದೀತು ಎಂದು ಅವರ ಊಹೆ.

ಈಗ ಕೊಳವೆ ವಾರಗಟ್ಟಲೆ ಮುಚ್ಚಿದೆ ಎನ್ನಿ. ಪೊರೆ ಊದಿದೆ, ಆಮ್ಲಜನಕ ಇನ್ನೂ ಕಡಿಮೆಯಾಗಿದೆ, ಉರಿಯೂತದ ಬಿಳಿ ರಕ್ತಕಣಗಳು ಬಂದು ಸೇರಿವೆ, ಅವು ಬಿಡುವ ಸಂದೇಶಗಳು ಪೊರೆಯ ತುಂಬ ಹರಿದಾಡುತ್ತಿವೆ. ಗುದ್ದಲಿ ಹಿಡಿಯುವ ಅಂಗೈ ದಡ್ಡುಗಟ್ಟುವುದನ್ನು ಕಂಡಿದ್ದೇವೆ. ಚರ್ಮ ತನಗೆ ಬಂದ ಕಷ್ಟಕ್ಕೆ ತಕ್ಕಂತೆ ತನ್ನ ರೂಪ ಬದಲಿಸಿಕೊಳ್ಳುತ್ತದೆ. ಒಳಪೊರೆಯೂ ಹಾಗೆಯೇ ಮಾಡುತ್ತದೆ. ಪೊರೆಯ ತಳದಲ್ಲಿರುವ ಎಳೆಯ ಜೀವಕೋಶಗಳು ಹೊಸ ಹೂಜಿಕೋಶಗಳಾಗಿ ಬೆಳೆಯುತ್ತವೆ. ಒಂದು ಸಾಲಿನ ಪೊರೆ ಹಲವು ಸಾಲಿನದಾಗುತ್ತದೆ. ಅಷ್ಟಕ್ಕೇ ನಿಲ್ಲದೆ ಪೊರೆ ಅಲ್ಲಲ್ಲಿ ಕೆಳಕ್ಕೆ ತಗ್ಗಿ, ಕವಲೊಡೆದು, ಲೋಳೆ ಸುರಿಸುವ ಗ್ರಂಥಿಗಳೇ ಹುಟ್ಟಿಕೊಳ್ಳುತ್ತವೆ. ಆರೋಗ್ಯವಂತ ಮಧ್ಯಕಿವಿಯಲ್ಲಿ ಇಂಥ ಗ್ರಂಥಿಗಳು ಇಲ್ಲವೆನ್ನುವಷ್ಟು ಕಡಿಮೆ.

1970ರ ದಶಕದಲ್ಲಿ ಡೆನ್ಮಾರ್ಕಿನ ಮಿರ್ಕೊ ಟೋಸ್ ಮತ್ತು ಸಂಗಡಿಗರು ಇದನ್ನು ಎಣಿಸಿಯೇ ನೋಡಿದರು. ಒಳಪೊರೆಯನ್ನು ಬಟ್ಟೆಯಂತೆ ಇಡಿಯಾಗಿ ಬಿಡಿಸಿ, ಲೋಳೆಗೆ ಮಾತ್ರ ಹತ್ತುವ ಬಣ್ಣ ಹಾಕಿ, ಹೂಜಿಗಳನ್ನು ಒಂದೊಂದಾಗಿ ಲೆಕ್ಕ ಹಾಕಿದರು. ಆರೋಗ್ಯದ ಕಿವಿಯಲ್ಲಿ ವಿರಳವಾಗಿದ್ದವು ನೀರು ನಿಂತ ಕಿವಿಯಲ್ಲಿ ಒತ್ತೊತ್ತಾಗಿ ನೆರೆದಿದ್ದವು. ಕಿವಿಯ ಪೊರೆ ಎಂದು ಹೇಳದೆ ತೋರಿಸಿದರೆ ನೋಡಿದವರು ಮೂಗಿನದೆಂದೇ ಅಂದುಕೊಳ್ಳುವಷ್ಟು ಬದಲಾವಣೆ.

ಮೂಗಿನಲ್ಲಿ ಇಷ್ಟು ಲೋಳೆಯಾದರೆ ಸೀನಿ, ಸೀಟಿ ಹೊರಹಾಕುತ್ತೇವೆ. ಕಿವಿಗೆ ಸೀನಲು ಬಾರದು. ಕಿರುಗೂದಲುಗಳು ತೆಳು ತೇವವನ್ನು ಗುಡಿಸಬಲ್ಲವೇ ಹೊರತು ಜೋನಿಬೆಲ್ಲವನ್ನಲ್ಲ, ಕೆಸರುಗದ್ದೆಯಲ್ಲಿ ಪೊರಕೆ ಆಡುವುದಿಲ್ಲ. ಕೊಳವೆ ಅರ್ಧ ತೆರೆದರೂ ಲೋಳೆ ಇಳಿಯಲಾರದು. ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಮಾಡಿ ಬಗ್ಗಿಸಿದರೆ ಎಣ್ಣೆ ಬಾರದೆ ಸತಾಯಿಸುತ್ತದೆ, ಎದುರು ಮೂಲೆಯಲ್ಲಿ ಇನ್ನೊಂದು ತೂತು ಮಾಡಿದರೆ ಧಾರೆಯಾಗಿ ಬೀಳುತ್ತದೆ. ಗಾಳಿ ಒಳಗೆ ಹೋಗದೆ ದ್ರವ ಹೊರಗೆ ಬಾರದು. ಹೀಗೆ ಕೊಳವೆ ಮುಚ್ಚಿದ್ದರಿಂದ ಪೊರೆ ಕೆಡುತ್ತದೆ, ಕೆಟ್ಟ ಪೊರೆಯ ಲೋಳೆಯಿಂದ ಕೊಳವೆ ಇನ್ನಷ್ಟು ಮುಚ್ಚುತ್ತದೆ.

ಮಗುವಿಗೆ ಆಗ ಕೇಳಿಸುವುದು ಎರಡೂ ಕಿವಿಗೆ ಬೆರಳು ತುರುಕಿಕೊಂಡರೆ ನಮಗೆ ಕೇಳಿಸುವಷ್ಟು. ಮಾತಿನ ಗದ್ದಲ ಕೇಳುತ್ತದೆ, 'ಸ' ಯಾವುದು 'ತ' ಯಾವುದು ತಿಳಿಯುವುದಿಲ್ಲ. ಆ ಮಗುವನ್ನು ಹಟಮಾರಿ ಎಂದು ಗದರುವ ಮುನ್ನ ದೊಡ್ಡವರು ಹಾಗೆ ಬೆರಳಿಟ್ಟುಕೊಂಡು ಒಂದು ಗಂಟೆ ಕಳೆದು ನೋಡಬೇಕು.

ರೋಗಾಣುಗಳ ಕಂಬಳಿ

ಕೊಳವೆಯೊಂದೇ ತಪ್ಪಿತಸ್ಥ ಎಂದರೆ ಪೂರ್ತಿ ನಿಜ ಹೇಳಿದಂತಾಗುವುದಿಲ್ಲ. ಮೂಗಿನ ಹಿಂದಿನ ರೋಗಾಣುಗಳು ಮಕ್ಕಳ ಗಿಡ್ಡ ಕೊಳವೆಯಲ್ಲಿ ಸುಲಭವಾಗಿ ಮೇಲೇರುತ್ತವೆ. ಪೊರೆಯ ಉರಿಯೂತಕ್ಕೆ ಅವೂ ಸೌದೆ ಹಾಕುತ್ತವೆ. ಈ ಲೋಳೆಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದಾಗ ಅನೇಕ ಸಲ ಏನೂ ಬೆಳೆಯುತ್ತಿರಲಿಲ್ಲ. ಹಾಗಾಗಿ ಒಳಗೆ ರೋಗಾಣುಗಳೇ ಇಲ್ಲ ಎಂದು ತಿಳಿದಿದ್ದರು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 26 ಮಕ್ಕಳ ಒಳಪೊರೆಯಿಂದ ತೆಗೆದ 50 ಚೂರುಗಳನ್ನು ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, 46ರಲ್ಲಿ ರೋಗಾಣುಗಳು ತಾವೇ ನೇಯ್ದ ಅಂಟು ಕಂಬಳಿ ಹೊದ್ದು ಪೊರೆಗೆ ಕಚ್ಚಿಕೊಂಡಿದ್ದವು. ಆಂಟಿಬಯೋಟಿಕ್ ಸಿರಪ್ಪಿನ ಬಾಟಲಿಗಳು ಖಾಲಿಯಾದರೂ ಕಿವಿ ಸರಿಹೋಗದಿರುವುದಕ್ಕೆ ಈ ಕಂಬಳಿ ಒಂದು ಕಾರಣ.

ವರ್ಷಗಟ್ಟಲೆ ಹೀಗೇ ಉಳಿದರೆ ಹಾನಿ ಪೊರೆಯನ್ನು ದಾಟುತ್ತದೆ. ಸದಾ ಒಳಕ್ಕೆ ಜಗ್ಗಿದ ತಮಟೆ ತನ್ನ ನಡುವಿನ ನಾರಿನ ಪದರ ಕಳೆದುಕೊಂಡು ಹಳೆಯ ಪಂಚೆಯಂತೆ ಜಾಳಾಗುತ್ತದೆ, ಒಂದು ಮೂಲೆ ಜೇಬಿನಂತೆ ಒಳಸೇರುತ್ತದೆ. ಆ ಜೇಬಿನಲ್ಲಿ ಚರ್ಮದ ಸತ್ತ ಹೊಟ್ಟು ಸೇರಿ ಬೆಳೆದರೆ ಅದು ಸುತ್ತಲಿನ ಎಲುಬನ್ನೇ ತಿನ್ನಬಲ್ಲದು. ಕೊಲೆಸ್ಟಿಯಟೋಮ ಎಂಬ ಆ ಕಾಯಿಲೆಗೆ ಶಸ್ತ್ರಚಿಕಿತ್ಸೆಯೇ ಬೇಕು. ದೊಡ್ಡವರಿಗೊಂದು ಮಾತು: ನೆಗಡಿಯಿಲ್ಲದೆ ಒಂದೇ ಕಿವಿಯಲ್ಲಿ ನೀರು ನಿಂತರೆ, ಕೊಳವೆಯ ಬಾಯಿಯ ಬಳಿ ಮೂಗಿನ ಹಿಂದೆ ಗಡ್ಡೆಯೇನಾದರೂ ಇದೆಯೇ ಎಂದು ಇಎನ್‌ಟಿ ವೈದ್ಯರಿಂದ ತಪ್ಪದೆ ನೋಡಿಸಿಕೊಳ್ಳಬೇಕು.

ಇನ್ನೊಂದು ತೂತು

ಬೆಳ್ಳುಳ್ಳಿ ಜಜ್ಜಿ ಕಾಯಿಸಿದ ಎಣ್ಣೆ ನಮ್ಮ ಮನೆಯಲ್ಲೂ ಕಿವಿಗೆ ಬೀಳುತ್ತಿತ್ತು. ಪ್ರೀತಿಯಿಂದಲೇ ಹಾಕುತ್ತಿದ್ದರು. ಆದರೆ ಎಣ್ಣೆ ತಮಟೆಯ ಈಚೆಗೇ ನಿಲ್ಲುತ್ತದೆ, ಕಾಯಿಲೆ ತಮಟೆಯ ಆಚೆಗಿದೆ. ತಮಟೆಯಲ್ಲಿ ತೂತಿದ್ದರಂತೂ ಎಣ್ಣೆ ಹಾಕುವುದು ಅಪಾಯ.

ಬಹಳಷ್ಟು ಮಕ್ಕಳಲ್ಲಿ ನೆಗಡಿಯ ಬಾವು ಇಳಿದು, ಕೊಳವೆ ತೆರೆದು, ಮೂರು ತಿಂಗಳೊಳಗೆ ಕಿವಿ ತಾನಾಗಿಯೇ ಒಣಗುತ್ತದೆ. ಆದ್ದರಿಂದಲೇ ವೈದ್ಯರು ಕಾದು ನೋಡೋಣ ಎನ್ನುತ್ತಾರೆ, ಅದು ಉದಾಸೀನವಲ್ಲ. ತಮಟೆ ಎಷ್ಟು ಅಲುಗುತ್ತಿದೆ ಎಂದು ಗಾಳಿಯ ಒತ್ತಡ ಬದಲಿಸಿ ಅಳೆಯುವ ಟಿಂಪನೊಮೆಟ್ರಿ ಎಂಬ ಪರೀಕ್ಷೆ ಇದೆ. ಸೂಜಿಯಿಲ್ಲ, ನೋವಿಲ್ಲ, ಕೆಲವೇ ಕ್ಷಣ ಸಾಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಇಂಥ ಪರೀಕ್ಷೆ ಮಾಡುವ ಶ್ರವಣತಜ್ಞರು ತಯಾರಾಗುತ್ತಾರೆ.

ಮೂರು ತಿಂಗಳು ಕಳೆದರೂ ನೀರು ಹೋಗದೆ, ಕೇಳುವುದು ಕಡಿಮೆಯೇ ಉಳಿದರೆ, ಎಣ್ಣೆ ಡಬ್ಬದ ಉಪಾಯವನ್ನೇ ಹೂಡುತ್ತಾರೆ: ತಮಟೆಯಲ್ಲೇ ಇನ್ನೊಂದು ತೂತು. ಈ ಯೋಚನೆ ಹಳೆಯದು. ಲಂಡನ್ನಿನ ಆಸ್ಟ್ಲೀ ಕೂಪರ್ 1801ರಲ್ಲೇ ಕೊಳವೆ ಮುಚ್ಚಿದವರ ತಮಟೆಗೆ ತೂತು ಮಾಡಿ ಕಿವಿ ಕೇಳಿಸಿದ್ದರು. ಆದರೆ ತಮಟೆ ಬೇಗ ಮಾಯುವ ಚರ್ಮ, ತೂತು ಕೆಲ ದಿನಗಳಲ್ಲಿ ಮುಚ್ಚಿಹೋಗುತ್ತಿತ್ತು. ತೂತು ತೆರೆದೇ ಇರಲೆಂದು ಪೊಲಿಟ್ಜರ್ ರಬ್ಬರಿನ ಉಂಗುರ ಇಟ್ಟು ನೋಡಿದರು, ನಿಲ್ಲಲಿಲ್ಲ. 1954ರಲ್ಲಿ ಅಮೆರಿಕದ ಬೆವರ್ಲಿ ಆರ್ಮ್‌ಸ್ಟ್ರಾಂಗ್ ಪ್ಲಾಸ್ಟಿಕ್ಕಿನ ಪುಟ್ಟ ನಳಿಕೆ ಇಟ್ಟ ಮೇಲೆ ಈ ವಿಧಾನ ನೆಲೆಯೂರಿತು. ಈಗ ಅದರ ಹೆಸರು ಗ್ರಾಮೆಟ್. ಬೂಟಿನ ಲೇಸು ಹೋಗುವ ತೂತಿನ ಸುತ್ತ ಒಂದು ಉಂಗುರವಿರುತ್ತದಲ್ಲ, ಅದರದೇ ಮರಿ. ನಡುವಿನ ತೂತು ಒಂದು ಮಿಲಿಮೀಟರಿಗಿಂತ ತುಸು ದೊಡ್ಡದು.

ಗ್ರಾಮೆಟ್ ನೀರು ಬಸಿಯುವ ಕೊಳಾಯಿ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದರ ಕೆಲಸ ಗಾಳಿ ಬಿಡುವುದು. ಕೊಳವೆ ಮುಚ್ಚಿದ್ದರೂ ಈಗ ಕೋಣೆಗೆ ಗಾಳಿ ಬರುತ್ತದೆ, ಒಳಗಿನ ಒತ್ತಡ ಹೊರಗಿನದಕ್ಕೆ ಸಮವಾಗುತ್ತದೆ. ಪೊರೆಯ ರಕ್ತನಾಳಗಳು ತಗ್ಗುತ್ತವೆ, ಊತ ಇಳಿಯುತ್ತದೆ. ಹೂಜಿಕೋಶಗಳು ತಿಂಗಳುಗಳಲ್ಲಿ ವಿರಳವಾಗುತ್ತವೆ. ಹುಟ್ಟಿಕೊಂಡಿದ್ದ ಗ್ರಂಥಿಗಳು ಮೆಲ್ಲಗೆ ಬತ್ತುತ್ತವೆ, ಕೆಲವು ಒಣಗಿದ ಬಾವಿಗಳಂತೆ ಪೊರೆಯಡಿ ಉಳಿದುಬಿಡುವುದೂ ಉಂಟು. ಮೂಗಾಗಿದ್ದ ಪೊರೆ ಮತ್ತೆ ಕಿವಿಯ ಪೊರೆಯಾಗುತ್ತದೆ.

ತಮಟೆಯ ಹೊರಚರ್ಮ ಉಗುರಿನಂತೆ ನಡುವಿನಿಂದ ಅಂಚಿಗೆ ನಿಧಾನವಾಗಿ ಸರಿಯುತ್ತ ಬೆಳೆಯುತ್ತದೆ. ಅದೇ ಬೆಳವಣಿಗೆ ಗ್ರಾಮೆಟ್ಟನ್ನು ಹೊರಕ್ಕೆ ತಳ್ಳುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ, ಯಾರೂ ಕೈ ಹಾಕದೆ, ಅದು ಕಿವಿಯ ಗುಗ್ಗೆಯೊಂದಿಗೆ ಕಳಚಿ ಬರುತ್ತದೆ. ತಾಯಿ ಬೆಳಿಗ್ಗೆ ಹಾಸಿಗೆ ಕೊಡವುವಾಗ ದಿಂಬಿನ ಮೇಲೆ ಸಾಸಿವೆ ಕಾಳಿನಷ್ಟು ದೊಡ್ಡದಾದ ಒಂದು ಉಂಗುರ ಕಾಣುತ್ತದೆ. ಅಷ್ಟು ಹೊತ್ತಿಗೆ ಮಗುವಿನ ಗಾಳಿಗೊಳವೆಯೂ ಇನ್ನಷ್ಟು ಉದ್ದವಾಗಿ, ಇನ್ನಷ್ಟು ಇಳಿಜಾರಾಗಿ ಬೆಳೆದಿರುತ್ತದೆ.